ಕಪಾಟಿನೊಳಗಿನ ಮಾರ್ಕ್ಸ್‌ಕಾರ್ಡು

೧
ಈ ಕಥೆಯನ್ನು ಗಜೇಂದ್ರಗಡದಿಂದ ಶುರು ಮಾಡಲೋ, ರೋಣದಿಂದಲೋ? ಕಥೆಯ ಹುಡುಗಿ ರೂಪಾಳಿಗೂ ಇದೇ ಪ್ರಶ್ನೆ. ಹಾಗಾಗಿ ನಾವಿಬ್ಬರೂ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದೇವೆ.

ಅವಳ ಬಿ.ಎ. ಮುಗಿದಿದೆ, ಈಗ ಕಂಪ್ಯೂಟರ್ ಕಲಿಯಬೇಕು. ಗಜೇಂದ್ರಗಡದ ಖಾಸಗಿ ಇನ್‌ಸ್ಟಿಟ್ಯೂಟಿನಲ್ಲಿ ಗಾಜಿನ ಬಾಗಿಲು, ಎಸಿ. ಸರ್ ದೊಡ್ಡ ಪರದೆಯ ಮೇಲೆ ಮಾಡಿದ್ದನ್ನು ಎಲ್ಲರೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ರೋಣದ ಸಮುದಾಯ ಕಾಲೇಜಿನಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಇಬ್ಬರಿಗೆ ಒಂದೇ ಮಶಿನ್ನು. ಆದರೆ ಅದನ್ನು ಬಿಚ್ಚಲು ಬಿಡುತ್ತಾರೆ. ಹೋದ ವಾರ ಅಲ್ಲಿನ ಗೌಸುಸಾಬ ಮಾಸ್ತರರು ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಬಿಚ್ಚವಾ, ಕೆಟ್ರ ಜೋಡ್ಸೂಣಂತ" ಎಂದಿದ್ದರು. ಮನಸ್ಸು ಅಲ್ಲೇ ಉಳಿಯಿತು.

(ಆಯ್ಕೆ ಮುಗಿದೇ ಹೋಯಿತಲ್ಲ, ಇನ್ನು ಕಥೆ ಯಾಕೆ ಅನ್ನಬೇಡಿ.)

೨
ಅಪ್ಪ ಹೂವಪ್ಪನಿಗೆ ಗಾಜಿನ ಬಾಗಿಲು ಹಿಡಿಸಿತ್ತು. "ಒಳಗ ಹೋಗಿ ಕೇಳ್ಕೊಂಡರ ಬಾ" ಎಂದಿದ್ದ. ರೂಪಾ ಹೋದಳು. ಕೌಂಟರಿನ ಜಬೀನ "ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡ್ರಿ" ಅಂದಳು. ಇವಳು ಕೊಟ್ಟುಬಿಟ್ಟಳು. "ಬರೇ ಕೇಳಾಕ ಬಂದೀನ್ರಿ" ಅನ್ನಲು ಬಾಯಿ ಬರಲಿಲ್ಲ. ಸೇರಿದವರು ನಡುವೆ ಬಿಟ್ಟುಹೋಗದಿರಲೆಂದು ಕೋರ್ಸ್ ಮುಗಿಯುವ ತನಕ ಅದನ್ನು ಕಪಾಟಿನಲ್ಲಿಡುವುದು ಅಲ್ಲಿನ ಪದ್ಧತಿ.

ರೋಣದಲ್ಲಿ ಒರಿಜಿನಲ್ ನೋಡದೆ ಅರ್ಜಿ ಮುಟ್ಟುವುದಿಲ್ಲ. ಕೊನೆಯ ದಿನ ಇವತ್ತು, ನಾಲ್ಕು ಗಂಟೆಯೊಳಗೆ.

೩ (ಹರಿದು ಹಾಕಿದ್ದು)
ಈ ಕರಡಿನಲ್ಲಿ ಜಬೀನ ಕೆಟ್ಟವಳಾಗಿದ್ದಳು. ಕೀಲಿಕೈ ಕುಣಿಸುತ್ತ ನಗುತ್ತಿದ್ದಳು. ಆಕೆ ಪುಟದಿಂದಲೇ ತಲೆ ಎತ್ತಿದಳು: "ನಾ ಯಾವಾಗ ನಕ್ಕೇನ್ರಿ? ಮುಂಜಾನಿಂದ ಚಾ ಕುಡಿಯಾಕ ಪುರಸೊತ್ತಿಲ್ಲ. ಹುಡುಗಿ ಕೇಳಬೇಕಲ್ಲ, ಕೇಳಲಾರದ ಹ್ಯಾಂಗ ಕೊಡ್ಲಿ?"

ಖರೆ. ರೂಪಾ ನನ್ನ ಕಡೆ ನೋಡಿದಳು. "ನೀವ ಬರದ ಬಿಡ್ರೆಕ್ಕಾ, ಕಾರ್ಡ್ ಸಿಕ್ತಂತ."

(ಬರೆಯಬಹುದಿತ್ತು. ಕೌಂಟರ್ ಅಂದರೆ ನನಗೂ ಅಂಜಿಕೆ.)

"ನೀನ ಹೇಳವಾ" ಅಂದೆ.

೩, ಮತ್ತೊಮ್ಮೆ
ರೂಪಾ ಒಳಗೆ ಹೋಗಿ ನೆಲ ನೋಡುತ್ತ ಹೇಳಿದಳು:

"ಅಕ್ಕಾರ, ನನ್ನ ಕಾರ್ಡ್ ವಾಪಸ್ ಬೇಕ್ರಿ. ರೋಣಕ್ಕ ಹೊಂಟೀನಿ."

"ಇಲ್ಲೇನ ಕಮ್ಮಿ ಆತು?"

"ಇಲ್ಲಿ ಬಿಚ್ಚಾಕ ಬಿಡೂದಿಲ್ರಿ."

ಜಬೀನ ತನ್ನ ಮುಂದಿನ ಕಂಪ್ಯೂಟರನ್ನು ನೋಡಿದಳು. ಆಮೇಲೆ ಕಪಾಟು ತೆರೆದಳು.

"ಸರ್ ಊಟಕ್ಕ ಹೋಗ್ಯಾರ. ಇಲ್ಲೆ ಸಹಿ ಮಾಡು, ಲಗೂ."

"ನಿಮಗ ಬೈದ್ರ?"

"ದಿನಾ ಬೈತಾರ, ಇವತ್ತ ಕಾರಣಾದ್ರೂ ಇರ್ತದ." ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಕೊಟ್ಟಳು. "ಮೂರು ವರ್ಷಾತು ಈ ಮಶಿನ್ ಮುಂದ ಕುಂತು. ಒಳಗ ಏನೈತೆಂತ ನೋಡಿಲ್ಲ. ಕಲತ ಮ್ಯಾಲೆ ಬಂದು ತೋರಸ್ತೀಯೇನು?"

"ತೋರಸ್ತೀನ್ರಿ." ಈ ಸಲ ರೂಪಾ ನೆಲ ನೋಡಲಿಲ್ಲ.

೪
ರೋಣಕ್ಕೆ ಹೊರಟ ಸುದ್ದಿ ಹೇಳಲು ಬಸ್ಸಿನಿಂದ ಅಪ್ಪನಿಗೆ ಫೋನು.

"ಅಲ್ಲೆ ಎಸಿ ಇಲ್ಲನು?"

"ಫ್ಯಾನ್ ಐತಪಾ."

"ತಿರಗತೈತಿಲ್ಲೋ?"

"ತಿರಗತೈತಿ."

"ಆತ ಬಿಡು."

ಮುಕ್ತಾಯ ಒಂದು: ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. (ಹೊಡೆದು ಹಾಕಿದೆ. ಅಷ್ಟು ಕಷ್ಟಪಟ್ಟು ಮಾತಾಡಿದವಳಿಗೆ ಹಾಗೆ ಮಾಡಲಾರೆ.) ಮುಕ್ತಾಯ ಎರಡು: ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗೌಸುಸಾಬ ಮಾಸ್ತರರು ಕಾರ್ಡ್ ನೋಡಿ, ಅರ್ಜಿ ತೆಗೆದುಕೊಂಡು, "ಚಪ್ಪಲಿ ಬಿಟ್ಟು ಒಳಗ ಬಾರವಾ" ಎಂದರು. ಇದೇ ಇರಲಿ ಎಂದು ಪೆನ್ನು ಮುಚ್ಚಿದೆ.

ರೂಪಾ ಒಪ್ಪಲಿಲ್ಲ. "ಜಬೀನಕ್ಕನ್ನ ಅಲ್ಲೇ ಬಿಟ್ಟು ಹ್ಯಾಂಗ ಮುಗಸ್ತೀರಿ?"

ಮುಗಿಸುವುದಿಲ್ಲ. ಗಜೇಂದ್ರಗಡದ ಕೌಂಟರಿನಲ್ಲಿ ಆ ಕಂಪ್ಯೂಟರ್ ಇನ್ನೂ ಯಾರೂ ಬಿಚ್ಚದೆ ಮುಚ್ಚಿಕೊಂಡೇ ಇದೆ.