ಖತೀಜಾಬಿ ಅತ್ತಿದ್ದಳೇ

“ಅಮ್ಮ ಬಂದಾಳ್ರಿ ಸರ್,” ಎಂದು ನಾಜಮೀನ ಹೇಳಿದಾಗ ಸಿದ್ದರಾಮೇಶ ಸಭೆಯತ್ತ ತಿರುಗಿ ನೋಡಿದ.

“ಯಾಕ ಕರದಿ?”

“ನಾ ಕರದಿಲ್ಲರಿ. ನಿನ್ನ ಮಗಳು ಮೈಕಿನ್ಯಾಗ ಓದತಾಳಂತ ಯಾರೋ ಹೇಳ್ಯಾರ. ಹೊಳೆಮಣ್ಣೂರಿಂದ ಬೆಳಗಿನ ಬಸ್ಸಿಗೇ ಬಂದಾಳ.”

ರೋಣದ ಆ ಕಾಲೇಜಿನಲ್ಲಿ ಇನ್ನೇನು ಪ್ರಬಂಧ ವಾಚನ ಶುರುವಾಗುವುದಿತ್ತು. ಮುಂದಿನ ಸಾಲಿನಲ್ಲಿ ಹಸಿರು ಸೆರಗು ಹೊದ್ದ ಹೆಂಗಸೊಬ್ಬಳು ಕುಳಿತಿದ್ದಳು. ಖತೀಜಾಬಿ. ಮಗಳ ಪ್ರಬಂಧದಲ್ಲಿ ಹೊಳೆಯ ದಂಡೆಗೆ ನಿಂತು ಎದೆ ಬಡಿದುಕೊಂಡು ಅಳುವವಳು.

ಅವಳು ಅತ್ತಿರಲಿಲ್ಲ. ಅದು ಸಿದ್ದರಾಮೇಶನಿಗೆ ಗೊತ್ತಿತ್ತು.

ಬರೆಯುವ ಹುಡುಗರಿಗೆ ನೆರವಾಗಲೆಂದು ಕಾಲೇಜು ಅವನಿಗೊಂದು ಕೋಣೆ ಕೊಟ್ಟಿತ್ತು. ಅವರ ಹಾಳೆಯ ಮೇಲೆ ತಾನು ಪೆನ್ನು ಊರುವುದಿಲ್ಲ, ಬರೀ ಪ್ರಶ್ನೆ ಕೇಳುತ್ತೇನೆ, ತಿದ್ದಿಕೊಳ್ಳುವುದು ಅವರ ಕೆಲಸ ಎಂಬುದು ಅವನ ಹೆಮ್ಮೆ. ಮಲಪ್ರಭೆ ಊರೊಳಗೆ ನುಗ್ಗಿದ ದಿನದ ಬಗ್ಗೆ ನಾಜಮೀನ ಬರೆದು ತಂದಾಗಲೂ ಅವನು ಪ್ರಶ್ನೆಯನ್ನೇ ಕೇಳಿದ್ದ.

“ನಿಮ್ಮ ಅಮ್ಮ ಅಳಲಿಲ್ಲೇನು?”

“ಇಲ್ರಿ. ನಕ್ಕಳ್ರಿ.”

“ಮನಿ ಮುಳಗೂ ಮುಂದ ಯಾರರ ನಗತಾರೇನು? ನೆನಪು ಮಾಡ್ಕೊ. ಖರೇನ ಅಳಲಿಲ್ಲೇನು?”

ಮರುದಿನದ ಹಾಳೆಯಲ್ಲಿ ಖತೀಜಾಬಿ ಅತ್ತಳು. ಮುಂದಿನ ವಾರ ಎದೆ ಬಡಿದುಕೊಂಡಳು. ಸಿದ್ದರಾಮೇಶ ಪೆನ್ನು ಮುಟ್ಟಿರಲಿಲ್ಲ. ಪೊಲೀಸರೂ ಬರೀ ಪ್ರಶ್ನೆಯನ್ನೇ ಕೇಳುತ್ತಾರೆ.

“ಆ ಅಳೂದು...” ಎಂದ ಈಗ.

“ಏನ್ರಿ ಸರ್?”

“ಏನಿಲ್ಲ. ಹೋಗು.”

ತೆಗೆದುಬಿಡು ಎನ್ನಬಹುದಿತ್ತು. ಅಂದರೆ ಹಾಕಿಸಿದವನು ತಾನೇ ಎಂದು ಒಪ್ಪಿಕೊಳ್ಳಬೇಕಿತ್ತು. ಹಿಂದಿನ ಗೋಡೆಗೆ ಆತು ನಿಂತ. ನಾನ್ಯಾವಾಗ ಅತ್ತೇನಿ ಎಂದು ಆ ಹೆಂಗಸು ಎದ್ದು ಕೇಳಿದರೆ ಮುಗಿಯಿತು.

ನಾಜಮೀನ ಓದತೊಡಗಿದಳು. ಹೊಳೆ ಏರಿತು. ಊರವರನ್ನು ಸಾಗಿಸಲು ಟ್ರ್ಯಾಕ್ಟರ್ ಬಂತು. ಮುಂದಿನದೇ ಆ ಅಳುವ ಸಾಲು. ಹುಡುಗಿ ಮುಖ ಎತ್ತಿ ತಾಯಿಯನ್ನು ನೋಡಿದಳು. ಹಾಳೆ ಮಡಚಿದಳು.

“ನಮ್ಮ ಅಮ್ಮ ಇದ್ದ ಸೀರಿ ಎಲ್ಲಾ ಒಂದರ ಮ್ಯಾಲೊಂದು ಉಟ್ಕೊಂಡು ಹೊರಗ ಬಂದ್ಳು. ಟ್ರ್ಯಾಕ್ಟರ್ ಹತ್ತಾಕ ಕಾಲ ಏಳವಲ್ದು. ಮಂದಿ ಕೂಡಿ ದೂಡಿದ್ರು. ‘ಮದಿವ್ಯಾಗೂ ಇಷ್ಟ ಉಟ್ಟಿರಲಿಲ್ಲ’ ಅಂತ ನಗಾಕ ಹತ್ತಿದ್ಳು. ಅಕಿ ನಕ್ಕಳಂತ ನಾವು ಅಂಜಲಿಲ್ಲ.”

ಸಭೆ ಗೊಳ್ಳೆಂದಿತು. ಖತೀಜಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಹಾಳಾದಾಕಿ, ಎಲ್ಲಾರ ಮುಂದ ಹೇಳ್ತಾಳ ನೋಡ!” ಎಂದು ಪಕ್ಕದವಳನ್ನು ತಿವಿದಳು.

ಸಿದ್ದರಾಮೇಶನ ಮೈ ಸಡಿಲಾಯಿತು. ಬದುಕಿದೆ ಅಂದುಕೊಂಡ. ಹುಡುಗಿ ತನ್ನನ್ನು ಕೇಳದೆಯೇ ತಿದ್ದಿಕೊಂಡಿದ್ದಳು. ತನ್ನಿಂದ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ, ಎಂದೂ ಇರಲಿಲ್ಲ. ಆ ಯೋಚನೆ ನೋಯಿಸಬೇಕಿತ್ತು. ಜ್ವರ ಬಿಟ್ಟಂತೆ ಬೆವರು ಬಂತು, ಅಷ್ಟೆ.

“ಕಲಿಸಿದವರು ಒಂದೆರಡು ಮಾತಾಡ್ಲಿ,” ಎಂದು ಪ್ರಿನ್ಸಿಪಾಲರು ಕರೆದರು.

ಮುಂದಿನ ಸಾಲು ದಾಟುವಾಗ ಖತೀಜಾಬಿ ಎದ್ದು ನಿಂತಳು. “ಇಷ್ಟ ಚಲೋ ಬರೆಯಾಕ ನೀವ ಕಲಿಸಿದ್ರೇನ್ರಿ ಸರ್?”

“ಇಲ್ಲವ್ವಾ. ನಾ ಏನೂ ಕಲಿಸಿಲ್ಲ.”

“ದೊಡ್ಡ ಮಂದಿ ಹಿಂಗ ಅಂತಾರ ಬಿಡ್ರಿ.”

ಹುಡುಗಿಯ ಎತ್ತರಕ್ಕೆ ಇಳಿಸಿದ್ದ ಮೈಕು ಅವನ ಎದೆಯ ಹತ್ತಿರವಿತ್ತು. ಬಗ್ಗಿದ. ಹೇಳಬೇಕಾದ್ದನ್ನೆಲ್ಲ ಹುಡುಗಿಯೇ ಹೇಳಿ ಮುಗಿಸಿದ್ದಳು. ಸಭೆ ಕಾಯುತ್ತಿತ್ತು. ಉಸಿರು ಬಿಟ್ಟ. ಅದು ಧ್ವನಿವರ್ಧಕದಿಂದ ಹೊರಬಿದ್ದು, ಕುರ್ಚಿಗಳನ್ನೂ ಅಂಗಳವನ್ನೂ ದಾಟಿ ಗಜೇಂದ್ರಗಡದ ರಸ್ತೆಯವರೆಗೆ ಹೋಯಿತು, ಎಲ್ಲೋ ದೊಡ್ಡ ಪ್ರಾಣಿಯೊಂದು ಮಲಗಿ ಉಸಿರಾಡುವಂತೆ. ಕೇಳಲು ಹಿತವಾಗಿತ್ತು. ಅವನು ಬಗ್ಗಿಯೇ ನಿಂತು ಇನ್ನೊಂದು ಉಸಿರು ಎಳೆದುಕೊಂಡ.