ಎಣ್ಣೆ ತುಂಬಿದ್ದರೂ ಹಿಡಿಯದ ಬ್ರೇಕು

ಕಲಬುರಗಿ ಕಡೆಯಿಂದ ಹೋಗಿ ಮಹಾರಾಷ್ಟ್ರದ ಸಿನ್ನರ್‌ನಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುವ ಗೊಲ್ಲಾಳಪ್ಪನಿಗೆ ಎರಡು ದಿನದಿಂದ ತನ್ನ ಬೈಕು ಅರ್ಥವೇ ಆಗುತ್ತಿರಲಿಲ್ಲ. ಮುಂದಿನ ಡಿಸ್ಕ್ ಬ್ರೇಕಿನ ಲಿವರ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ನಾಲ್ಕು ಸಲ ಒತ್ತಿ ಒತ್ತಿ ಬಿಟ್ಟರೆ ಗಟ್ಟಿಯಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಮೆತ್ತಗೆ.

ಅದಕ್ಕೂ ಮೊದಲು, ಬ್ರೇಕಿನ ಎಣ್ಣೆ ಕಪ್ಪಾಗಿದೆಯೆಂದು ಅವನೇ ಕೆಳಗೆ ಚಕ್ರದ ಬಳಿ ಎಣ್ಣೆ ಬಸಿಯುವ ನಿಪ್ಪಲ್ ಸಡಿಲಿಸಿ ಪೂರ್ತಿ ಬಸಿದು, ಹ್ಯಾಂಡಲ್ ಮೇಲಿನ ಕಪ್ಪಿಗೆ, ಅಂದರೆ ಎಣ್ಣೆಯ ಪುಟ್ಟ ಡಬ್ಬಿಗೆ, ಹೊಸದು ತುಂಬಿದ್ದ. ಎಲ್ಲೂ ಸೋರಿಕೆಯಿಲ್ಲ. ಮತ್ತೇಕೆ ಹೀಗೆ? ಒಬ್ಬ ಪ್ಯಾಡ್ ಬದಲಿಸು ಎಂದ. ಇನ್ನೊಬ್ಬ ವೈರ್ ಬಿಗಿ ಮಾಡು ಎಂದ. ಹುಡುಕಿದರೆ ಆ ಬ್ರೇಕಿಗೆ ವೈರೇ ಇರಲಿಲ್ಲ!

ರವಿವಾರ ಹೆಂಡತಿ ಸಕ್ರವ್ವನನ್ನು ಕೂರಿಸಿಕೊಂಡು ಸಂತೆಗೆ ಹೊರಟ. ಮುಂದೆ ಹೋಗುತ್ತಿದ್ದ ಉಳ್ಳಾಗಡ್ಡಿ ಹೇರಿದ್ದ ಟ್ರ್ಯಾಕ್ಟರ್ ಒಮ್ಮೆಲೇ ನಿಂತಿತು. ಗೊಲ್ಲಾಳಪ್ಪ ಬ್ರೇಕು ಒತ್ತಿದ. ಲಿವರ್ ಹ್ಯಾಂಡಲಿಗೇ ತಾಗಿತು, ಗಾಡಿ ನಿಲ್ಲಲಿಲ್ಲ. ಗಾಬರಿಯಲ್ಲಿ ಹಿಂದಿನ ಬ್ರೇಕು ತುಳಿದು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿದ. ಇಬ್ಬರೂ ಬಿದ್ದರು. ಸಕ್ರವ್ವನ ಮೊಣಕಾಲು ತರಚಿ ರಕ್ತ ಬಂತು.

"ಎಣ್ಣಿ ತುಂಬೀನಿ, ಎಣ್ಣಿ ತುಂಬೀನಿ ಅಂತೀರಿ. ಸತ್ತಿದ್ರ ಮಕ್ಕಳನ್ನ ಯಾರು ನೋಡ್ತಿದ್ರು? ಇನ್ನ ತಳ್ಕೊಂಡೇ ನಡೀರಿ," ಎಂದಳು ಅವಳು.

ಬೈಕು ತಳ್ಳುತ್ತ ಇಬ್ಬರೂ ಮಹಿಬೂಬನ ಗ್ಯಾರೇಜಿಗೆ ಬಂದರು. ಅವನೂ ಕಲಬುರಗಿ ಕಡೆಯವನೇ. ಲಿವರ್ ಎರಡು ಸಲ ಒತ್ತಿ ನೋಡಿದ.

"ಕಾಕಾ, ಬ್ರೇಕಿನಾಗ ಗಾಳಿ ಸೇರ್ಯಾದ್ರಿ."

"ಗಾಳಿ ಟೈರಿನಾಗ ಇರ್ತದಪ್ಪ! ಎಣ್ಣಿ ಪೈಪಿನಾಗ ಹೆಂಗ ಬರ್ತದ? ನೋಡು, ಕಪ್ಪು ತುಂಬೇದ."

"ಕಪ್ಪು ತುಂಬೇದ, ಖರೆ. ನೀವು ಪೂರಾ ಬಸಿದಾಗ ಪೈಪಿನಾಗ ಗಾಳಿ ಹೊಕ್ಕದ. ಎಣ್ಣಿ ಒತ್ತಿದ್ರ ಆ ಜೋರು ಚಕ್ರದ ತನಕಾ ಮುಟ್ಟತದ. ಗಾಳಿ ಒತ್ತಿದ್ರ ಅದು ಅಲ್ಲೇ ಕುಗ್ಗತದ."

ಗೊಲ್ಲಾಳಪ್ಪ ಪಿಳಿಪಿಳಿ ನೋಡಿದ. ಒಂದಕ್ಷರವೂ ತಲೆಗೆ ಹೋಗಲಿಲ್ಲ.

"ನೀವು ಗ್ವಾಡಿ ಮಟ್ಟ ನೋಡೋ ಲೆವಲ್ ಪೈಪಿನ ನೀರಾಗ ಗುಳ್ಳಿ ಇದ್ರ?" ಎಂದು ಕೇಳಿದ ಮಹಿಬೂಬ.

"ಲೆವಲ್ ತಪ್ಪತದ. ಮೊದಲ ಗುಳ್ಳಿ ತೆಗೀಬೇಕು."

"ಇದೂ ಹಂಗ ಅದ್ರಿ."

ಆದರೂ ಗೊಲ್ಲಾಳಪ್ಪನ ಮುಖದಲ್ಲಿ ಅನುಮಾನವಿತ್ತು.

ಮಹಿಬೂಬ ಕಪ್ಪಿನ ಮುಚ್ಚಳದ ಮೇಲೆ ಬರೆದಿದ್ದ ನಂಬರಿನ ಬ್ರೇಕ್ ಆಯಿಲ್ ಹೊಸ ಡಬ್ಬಿ ಒಡೆದ. ಚಕ್ರದ ಬಳಿಯ ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಎಣ್ಣೆಯಿದ್ದ ಬಾಟಲಿಯಲ್ಲಿ ಮುಳುಗಿಸಿದ.

"ಕಾಕು, ಲಿವರ್ ಸಾವಕಾಶ ಒತ್ತಿ ಹಿಡೀರಿ. ನಾ ಅನ್ನೋತನಕಾ ಬಿಡಬ್ಯಾಡ್ರಿ."

ಸಕ್ರವ್ವ ಒತ್ತಿ ಹಿಡಿದಳು. ಅವನು ನಿಪ್ಪಲ್ ಸಡಿಲಿಸಿದ. ನಳಿಕೆಯಲ್ಲಿ ಬುಳುಬುಳು ಗುಳ್ಳೆಗಳು ಬಂದವು. ನಿಪ್ಪಲ್ ಬಿಗಿದ ಮೇಲೆ, "ಈಗ ಬಿಡ್ರಿ," ಎಂದ. ನಡುನಡುವೆ ಕಪ್ಪು ಖಾಲಿಯಾಗದಂತೆ ಎಣ್ಣೆ ಹಾಕುತ್ತ ಹೀಗೇ ಹತ್ತಾರು ಸಲ ಮಾಡಿದರು.

"ಅಯ್ಯ, ಎಷ್ಟ್ ಗುಳ್ಳಿರೀ!" ಎಂದಳು ಸಕ್ರವ್ವ.

ಗೊಲ್ಲಾಳಪ್ಪ ಬಾಟಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದ. ಗುಳ್ಳೆ ನಿಂತು ಬರೀ ಎಣ್ಣೆ ಬಂತು. ಲಿವರ್ ಒತ್ತಿದ, ಕಲ್ಲಿನಷ್ಟು ಗಟ್ಟಿ. ಗಲ್ಲಿಯಲ್ಲಿ ನಿಧಾನ ಓಡಿಸಿ ಬ್ರೇಕು ಹಾಕಿದ, ಗಾಡಿ ನಿಂತಿತು.

"ನಾನೇ ಗಾಳಿ ತುಂಬಿಸೀನಿ, ನನಗ ತಿಳೀಲೇ ಇಲ್ಲ," ಎಂದು ಹೆಂಡತಿಯ ಮೊಣಕಾಲಿನ ಕಡೆ ನೋಡಿದ.

"ಇನ್ನ ಮ್ಯಾಲ ತಿಳೀಲಿಲ್ಲಂದ್ರ ಬಲ್ಲವರನ್ನ ಕೇಳ್ರಿ," ಎಂದಳು ಅವಳು.

ಓದುಗರೇ, ನಿಮ್ಮ ಬೈಕಿನ ಲಿವರ್ ಮೆತ್ತಗಾಗಿದೆಯೇ? ಮತ್ತೆ ಮತ್ತೆ ಒತ್ತಿದರೆ ಮಾತ್ರ ಹಿಡಿಯುತ್ತದೆಯೇ? ಹಾಗಿದ್ದರೆ ಆ ಗಾಡಿ ರಸ್ತೆಗೆ ತರಬೇಡಿ. ಬ್ರೇಕಿಗೆ ಇಂಜಿನ್ ಆಯಿಲ್ ಹಾಕಬೇಡಿ, ಬಸಿದ ಎಣ್ಣೆಯನ್ನು ಮತ್ತೆ ತುಂಬಬೇಡಿ. ಬಲ್ಲ ಮೆಕ್ಯಾನಿಕ್ಕನ ಕೈಯಲ್ಲಿ ಗಾಳಿ ತೆಗೆಸಿ. ನಾಳೆ ಬೆಳಿಗ್ಗೆ ಕಿಕ್ ಹೊಡೆಯುವ ಮೊದಲು ಒಂದು ಸಲ ಲಿವರ್ ಒತ್ತಿ ನೋಡಿ. ನಿಮ್ಮ ಹಿಂದೆ ಕೂತವರು ನಿಮ್ಮನ್ನೇ ನಂಬಿ ಕೂತಿರುತ್ತಾರೆ.