ಹದಿನಾಲ್ಕು ಗುಲಗಂಜಿ

ಹುಣಸೆನೀರಿನಲ್ಲಿ ತೊಳೆದ, ರೈಫಲ್ಲಿನ ಹಿತ್ತಾಳೆಯ ಖಾಲಿ ತೋಟೆಗಳನ್ನು ಒಂದೊಂದಾಗಿ ಒರೆಸಿ ನಾನು ಬಿಸಿಲಿಗೆ ನಿಲ್ಲಿಸುತ್ತಿದ್ದೆ. ಎದುರಿಗೆ ಕೂತ ಅತ್ತಿಗೆ ಸಿಡಿಮದ್ದು ಅಳೆಯಲು ಚಿನ್ನ ತೂಗುವ ಪುಟ್ಟ ತಕ್ಕಡಿಯ ಒಂದು ತಟ್ಟೆಗೆ ಗುಲಗಂಜಿಗಳನ್ನು ಎಣಿಸಿ ಹಾಕುತ್ತಿದ್ದರು. ಕೆಂಪು ಕಾಳು, ತುದಿಗೊಂದು ಕರಿಗಣ್ಣು. ಹದಿನಾಲ್ಕಾದ ಮೇಲೆ ಅವರ ಕೈ ನಿಂತಿತು.

"ಪೂರ್ತಿ ಮದ್ದು ಅಂದ್ರೆ ಇಪ್ಪತ್ತು. ಅಷ್ಟನ್ನ ನಿನ್ನ ಹೆಗಲು ತಡೆಯಲ್ಲ," ಎಂದರು. "ಹದಿನಾಲ್ಕಕ್ಕೇ ನಿಲ್ಸೋಣ."

ವಾರಿಜ ಅತ್ತಿಗೆ ಅಕ್ಕಸಾಲಿಗರ ಮನೆಯ ಮಗಳು. ಊರಿನ ಗುರಿ ಮೈದಾನದಲ್ಲಿ ರೈಫಲ್ ಎತ್ತಿದ ಮೊದಲ ಹೆಂಗಸು ಅವರೇ. ಕಣ್ಣು ಮಂಜಾದ ಮೇಲೆ ತಮ್ಮ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದರು. ನನಗೋ ಮೆಟ್ಟಿಲಿನಿಂದ ಬಿದ್ದು ಹೆಗಲೆಲುಬು ಮುರಿದು ಕೂಡಿತ್ತು. ಪ್ರತಿ ಗುಂಡಿಗೂ ರೈಫಲ್ ಹಿಂದಕ್ಕೆ ಒದೆಯುವಾಗ ಆ ಒದೆತ ಕೂಡಿದ ಮೂಳೆಗೇ ನೇರವಾಗಿ ಬೀಳುತ್ತಿತ್ತು. ಮೈದಾನ ನೋಡಿಕೊಳ್ಳುತ್ತಿದ್ದ ಸುಬೇದಾರರು ಬಿಟ್ಟುಬಿಡು ಎಂದಿದ್ದರು.

ಅತ್ತಿಗೆ ಬಿಡಲಿಲ್ಲ. ಮೊದಲು ಹಗುರವಾದ ಗುಂಡು ಹುಡುಕಿ ತಂದರು. ಆಮೇಲೆ ಮದ್ದು ಇಳಿಸುತ್ತ ಬಂದರು. ಹದಿನಾರರಲ್ಲಿ ಸಂಜೆ ಜಡೆ ಹೆಣೆಯಲು ನನ್ನ ಕೈ ಮೇಲೇಳುತ್ತಿರಲಿಲ್ಲ, ಅವರೇ ಹೆಣೆಯುತ್ತಿದ್ದರು. ಹನ್ನೆರಡರಲ್ಲಿ ನೋವೇ ಇಲ್ಲ, ಆದರೆ ಗುಂಡು ಗುರಿಕಾಗದದ ಕಪ್ಪು ವೃತ್ತದ ಕೆಳಗೆ ಎಲ್ಲೋ ಹೋಗಿ ಬೀಳುತ್ತಿತ್ತು. ಹದಿನಾಲ್ಕರಲ್ಲಿ ಕರು ಮೂತಿಯಿಂದ ತಿವಿದಷ್ಟೇ ಒದೆತ. ಅದಕ್ಕೆ ತಕ್ಕ ಹಾಗೆ ನಳಿಗೆಯ ಮೇಲಿನ ಗುರಿಪಟ್ಟಿಯನ್ನು ಎರಡು ಗೀರು ಮೇಲಕ್ಕೆ ಏರಿಸಿಕೊಂಡೆ. ತೂತುಗಳು ಒಂದರ ಮಗ್ಗುಲಿಗೊಂದು ಬಂದು ಕೂರತೊಡಗಿದವು.

"ನಿಮ್ಮತ್ತಿಗೆ ನಿಂಗೆ ಮದ್ದು ಹಾಕವ್ಳೆ ಕಣೆ," ಎಂದು ಪಕ್ಕದ ಮನೆಯ ಪುಟ್ಟತಾಯಮ್ಮ ಗೋಡೆಯಾಚೆಯಿಂದ ಛೇಡಿಸುತ್ತಿದ್ದಳು. "ಇಲ್ದಿದ್ರೆ ಯಾವ ನಾದಿನಿ ಹಿಂಗೆ ಹಿಂದಿಂದೆ ಸುತ್ತುತಾಳೆ?"

"ಹೂಂ, ದಿನಾ ಹಾಕ್ತೀನಿ, ತೂಕ ಮಾಡಿ," ಎಂದು ಅತ್ತಿಗೆ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ವರ್ಷದ ಸ್ಪರ್ಧೆಯಲ್ಲಿ ಗೆದ್ದವಳಿಗೆ ದೂರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗುರಿ ಕಲಿಸುವ ಕೆಲಸವಿತ್ತು, ಇರಲು ಒಂದು ಕೋಣೆಯೂ ಇತ್ತು. ಅಣ್ಣನ ಮನೆಯಲ್ಲೇ ಮೂವತ್ತೆರಡು ತುಂಬಿದ್ದ ನನಗೆ ಅದು ನನ್ನದೇ ಬಾಗಿಲು, ನನ್ನದೇ ಚಿಲಕ. ಅತ್ತಿಗೆಗೆ ಹೇಳಿದಾಗ ಅವರು ಬಾಚಣಿಗೆಯನ್ನು ನನ್ನ ಕೂದಲಲ್ಲೇ ನಿಲ್ಲಿಸಿದರು.

"ನೀನು ಹೋದ್ರೆ ಈ ಮನೇಲಿ ನನ್ನ ಮಾತಾಡ್ಸೋರು ಯಾರೇ?" ಎಂದರು. ಆಮೇಲೆ, "ಹೋಗು, ಹೋಗು. ನಿನ್ನಣ್ಣನ ಜೊತೆ ಗೋಡೆ ನೋಡ್ತಾ ಕೂತಿರ್ತೀನಿ," ಎಂದು ಜಡೆಯನ್ನು ಬಿಗಿಯಾಗಿ ಎಳೆದರು.

ಸ್ಪರ್ಧೆಯ ಹಿಂದಿನ ದಿನ ತೋಟೆ ತುಂಬಲು ನನ್ನನ್ನು ಕೂರಿಸಿಕೊಳ್ಳಲಿಲ್ಲ. "ಕೈಗೆ ವಿಶ್ರಾಂತಿ ಕೊಡು. ಇಪ್ಪತ್ತು ತೋಟೆನೂ ನಾನೇ ತುಂಬಿಡ್ತೀನಿ," ಎಂದರು.

ಮರುದಿನ ಮೊದಲ ಗುಂಡು ನಡುವಿಗೇ ಹೋಯಿತು. ಎರಡನೆಯದಕ್ಕೆ ಹೆಗಲು ಝುಮ್ಮೆಂದಿತು. ಮೂರನೆಯದು ತಿವಿಯಲೇ ಇಲ್ಲ. ನಾನು ಹೆದರಿದೆ, ಮುರಿದ ಮೂಳೆ ಏನೋ ಆಟ ಆಡುತ್ತಿದೆ ಅಂದುಕೊಂಡೆ. ಉಸಿರು ಬಿಗಿಹಿಡಿದೆ, ಗುರಿಪಟ್ಟಿ ತಿರುಗಿಸಿದೆ, ಮತ್ತೆ ಹಿಂದಿನ ಗೀರಿಗೇ ತಂದೆ. ಹದಿನೈದನೆಯ ಗುಂಡಿನ ನಂತರ ರೈಫಲ್ ಕೆಳಗಿಟ್ಟೆ. ಕೆಲಸ ಬೇರೊಬ್ಬಳ ಪಾಲಾಯಿತು.

ಅತ್ತಿಗೆ ಆ ಸಂಜೆ ಬಿಸಿ ಎಣ್ಣೆಯಿಂದ ನನ್ನ ಹೆಗಲು ತೀಡಿದರು. "ಹೆಗಲೇ ಹಾಗೆ, ಏನ್ಮಾಡೋದು. ನಿನ್ನ ತಪ್ಪಲ್ಲ ಬಿಡು." ಆ ಬೆರಳುಗಳ ಬಿಸಿಗೆ ನಾನು ಅತ್ತುಬಿಟ್ಟೆ. ಅವರೂ ಅತ್ತರು.

ವಾರದ ಬಳಿಕ ರೈಫಲ್ ಹಿಂತಿರುಗಿಸಲು ಹೋದಾಗ ಸುಬೇದಾರರು ನನ್ನ ಗುರಿಕಾಗದವನ್ನು ಮೇಜಿನ ಮೇಲೆ ಹಾಸಿದರು. "ಕೈ ನಡುಗಿದ್ರೆ ಗುಂಡು ನಾಲ್ಕೂ ದಿಕ್ಕಿಗೆ ಹೋಗ್ತದಮ್ಮ. ಇದು ನೋಡು, ಬಾವಿಗೆ ಬಿಟ್ಟ ಹಗ್ಗದ ಹಾಗೆ ಬರೀ ಮೇಲೆ ಕೆಳಗೆ. ಅಡ್ಡಕ್ಕೆ ಒಂದು ಬೆರಳೂ ಸರಿದಿಲ್ಲ." ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮದ್ದು ತುಂಬಿದ್ದು ಯಾರು?"

ಗುರಿ ತಪ್ಪಿದಾಗ ಹೆಗಲನ್ನು ಬೈಯುವ ಮೊದಲು ಕಾಗದ ನೋಡಿ ಎಂದು ಗುರಿ ಕಲಿಯಲು ಬರುವ ನನ್ನ ಹುಡುಗಿಯರಿಗೆ ಇಂದಿಗೂ ಹೇಳುತ್ತೇನೆ. ಸ್ಪರ್ಧೆಯ ದಿನ ನನಗೆ ಅದನ್ನು ನೋಡುವ ಮನಸ್ಸಿರಲಿಲ್ಲ.

ಸುಬೇದಾರರಲ್ಲಿಂದ ಮನೆಗೆ ಬಂದಾಗ ಮಧ್ಯಾಹ್ನ, ಅತ್ತಿಗೆ ಮಲಗಿದ್ದರು. ಉಳಿದಿದ್ದ ಐದು ತೋಟೆಗಳ ಗುಂಡನ್ನು ಇಕ್ಕಳದಿಂದ ಕಿತ್ತು ಮದ್ದನ್ನು ಒಂದೊಂದಾಗಿ ತೂಗಿದೆ. ಹದಿನಾಲ್ಕು. ಹದಿನೇಳು. ಹನ್ನೆರಡು. ಹದಿನಾರು. ಮತ್ತೆ ಹನ್ನೆರಡು. ಕಣ್ಣು ಮಂಜಾಗಿತ್ತು ಎನ್ನೋಣವೆಂದರೆ, ಅತ್ತಿಗೆ ತಕ್ಕಡಿಯ ಮುಳ್ಳನ್ನು ಕಣ್ಣಿಂದ ನೋಡುತ್ತಿರಲಿಲ್ಲ. ಬೆರಳ ತುದಿಯಿಂದ ಮುಟ್ಟಿ ತಿಳಿಯುತ್ತಿದ್ದರು. ಅರ್ಧ ಗುಲಗಂಜಿ ತಪ್ಪಿದ್ದನ್ನೂ ನಾನು ಕಂಡಿರಲಿಲ್ಲ. ಎಲ್ಲವನ್ನೂ ಒಂದೇ ಸಮ ಕಡಿಮೆ ಮಾಡಿದ್ದರೆ ಮೂರು ಗುಂಡಿಗೇ ನಾನು ಗುರಿಪಟ್ಟಿ ಸರಿಪಡಿಸಿಕೊಳ್ಳುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ನನಗೆ ಕಲಿಸಿದವರೇ ಅವರಲ್ಲವೇ?

ಪುಟ್ಟತಾಯಮ್ಮನ ಮಾತು ನೆನಪಾಯಿತು. ಒಬ್ಬರನ್ನು ತಮ್ಮಲ್ಲೇ ಇರಿಸಿಕೊಳ್ಳಲು ಅನ್ನದಲ್ಲಿ ಬೆರೆಸಿ ಹಾಕುವ ಮದ್ದು ಒಂದಿದೆಯಂತೆ. ನನಗೆ ಹಾಕಿದ್ದು ತೋಟೆಯಲ್ಲಿ, ತೂಕ ಮಾಡಿ.

ಒಳಗೆ ಮಂಚ ಕಿರುಗುಟ್ಟಿತು. ಮದ್ದನ್ನು ಕಾಗದಕ್ಕೆ ಸುರಿದು ಮಡಿಚಿದೆ. ಅತ್ತಿಗೆ ಮುಖ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತರು.

"ಮುಂದಿನ ವರ್ಷಕ್ಕೆ ಇನ್ನೊಂದು ಗುಲಗಂಜಿ ಇಳಿಸಿ ನೋಡೋಣವೇನೇ?"

"ನೀವು ಹೇಳ್ದಂಗೇ ಆಗ್ಲಿ ಅತ್ತಿಗೆ," ಎಂದೆ.

ಅವರು ಸಮಾಧಾನದಿಂದ ಬಾಚಣಿಗೆ ತರಲು ಎದ್ದರು. ಅವರ ಬೆನ್ನು ತಿರುಗಿದಾಗ ನಾನು, ಇನ್ನು ನನ್ನ ಮದ್ದನ್ನು ನಾನೇ ತೂಗಲೆಂದು, ಗುಲಗಂಜಿಗಳಲ್ಲಿ ಹದಿನಾಲ್ಕು ಕಾಳು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡೆ. ಆಮೇಲೆ ಎಂದಿನಂತೆ ಅವರ ಮುಂದೆ ಬೆನ್ನು ಹಾಕಿ ಕೂತೆ. ಅವರು ಜಡೆ ಹೆಣೆದರು, ಎಲ್ಲೂ ನೋಯದ ಹಾಗೆ. ಮಡಿಲಲ್ಲಿ, ಗಂಟಿನ ಕತ್ತಲೆಯೊಳಗೆ, ಹದಿನಾಲ್ಕು ಕರಿಗಣ್ಣುಗಳು ತೆರೆದೇ ಇದ್ದವು.